ಕೌದಿಯ ಲೆಕ್ಕ, ಸಿಪ್ಪೆಯ ಲೆಕ್ಕ

ಮಲೆನಾಡಿನ ಅಡಿಕೆಗೂ ಬಾದಾಮಿ ಸೀಮೆಯ ವೀಳ್ಯದೆಲೆಗೂ ಹಳೆಯ ನಂಟು. ಬನಶಂಕರಿ, ಚೊಳಚಗುಡ್ಡದ ಸುತ್ತಿನ ಎಲೆಬಳ್ಳಿ ತೋಟಗಳ ಎಲೆಯೂ ಘಟ್ಟದ ಮೇಲಿನ ಅಡಿಕೆಯೂ ಒಂದೇ ತಟ್ಟೆಯಲ್ಲಿ ಕೂಡುತ್ತವೆ. ನಮ್ಮ ಅಡಿಕೆಯ ಚೀಲಗಳು ಆ ಕಡೆಗೆ ಹೋಗುವುದನ್ನು ನಾವು ಬಲ್ಲೆವು. ಆ ಸೀಮೆಯಿಂದ ನಾವು ಕಲಿತು ತರಬಹುದಾದದ್ದು ಏನಾದರೂ ಇದೆಯೇ ಎಂದು ಕೇಳುವ ಪರಿಪಾಠ ಮಾತ್ರ ನಮ್ಮಲ್ಲಿಲ್ಲ. ಅವರದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಬಯಲು. ನಮ್ಮದು ಅದರ ಹಲವು ಪಟ್ಟು ಮಳೆಯ ಕಾಡು. ಬಡವನ ಮನೆಯ ಲೆಕ್ಕ ಸಾಹುಕಾರನಿಗೇಕೆ ಎಂಬ ಧೋರಣೆ ನಮ್ಮದು.

ಈಚೆಗೆ ಸಭೆ ಸಮಾರಂಭಗಳಲ್ಲಿ ‘ಚಕ್ರೀಯ ಆರ್ಥಿಕತೆ’ ಎಂಬ ಮಾತು ಕಿವಿಗೆ ಬೀಳುತ್ತಿದೆ. ಹೆಸರು ಭಾರವಾದರೂ ವಿಷಯ ಸರಳ. ಒಂದು ಕೆಲಸದಲ್ಲಿ ಉಳಿದದ್ದು ಇನ್ನೊಂದು ಕೆಲಸಕ್ಕೆ ಕಚ್ಚಾ ಮಾಲಾಗಬೇಕು, ನೆಲದಿಂದ ಬಂದದ್ದು ಸುತ್ತಿ ಬಂದು ನೆಲವನ್ನೇ ಸೇರಬೇಕು, ನಡುವೆ ಆದಷ್ಟು ಕಾಲ ಮನುಷ್ಯನ ಉಪಯೋಗಕ್ಕೆ ಬರಬೇಕು. ದೊಡ್ಡ ನಗರಗಳಿಗೆ ಇದು ಯಂತ್ರಗಳ, ಕೋಟಿ ರೂಪಾಯಿಗಳ ಮಾತಾದೀತು. ಸಣ್ಣ ಪಟ್ಟಣಗಳಲ್ಲಿ ಇದು ನಡೆಯುವ ಬಗೆ ಬೇರೆ. ಅದನ್ನು ತಿಳಿಯಲು ಮಹಾಕೂಟದ ಸುತ್ತಲಿನ ಸೀಮೆ, ಅಂದರೆ ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್‌ಗಳ ಸುತ್ತು, ಬಹಳ ಯೋಗ್ಯವಾದ ಪಾಠಶಾಲೆ.

ಮಹಾಕೂಟ ಬಾದಾಮಿಯಿಂದ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು. ಗುಡ್ಡಗಳ ಮಡಿಲಲ್ಲಿ ಚಾಲುಕ್ಯರ ಕಾಲದ ಗುಡಿಗಳ ಗುಂಪು, ನಡುವೆ ಬುಗ್ಗೆಯ ನೀರಿನ ಪುಷ್ಕರಿಣಿ. ಕ್ರಿ.ಶ. 600ರ ಹೊತ್ತಿನ, ಮಂಗಲೇಶನ ಕಾಲದ ಒಂದು ಕಂಬದ ಶಾಸನ ಇಲ್ಲಿತ್ತು. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಮಕುಟೇಶ್ವರನಾಥನಿಗೆ ರಾಣಿ ದುರ್ಲಭದೇವಿ ಹತ್ತು ಹಳ್ಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಸುತ್ತ ಬೆಂಗಾಡಿನಂಥ ಕಲ್ಲುಗುಡ್ಡ, ಇಲ್ಲಿ ಮಾತ್ರ ಮರಗಳ ತಂಪು. ಬುಗ್ಗೆಯ ನೀರಿನ ಬೆಲೆ ಏನೆಂಬುದು ಆ ಬಿಸಿಲಿನಲ್ಲಿ ನಿಂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಸ್ತುವನ್ನು ಎರಡನೆಯ ಸಲ ಬಳಸುವ ಬುದ್ಧಿ ಆ ಸೀಮೆಯವರಿಗೆ ಕೊರತೆಯಿಂದಲೇ ಬಂದದ್ದು. (ಒಮ್ಮೊಮ್ಮೆ ಅದು ಅತಿಗೂ ಹೋಗಿದೆ. ಐಹೊಳೆಯ ಒಂದು ಗುಡಿಗೆ ಲಾಡ್‌ಖಾನ್ ಗುಡಿ ಎಂದು ಹೆಸರು ಬಂದದ್ದು ಆ ಹೆಸರಿನವರು ಅದರಲ್ಲಿ ವಾಸವಿದ್ದುದರಿಂದ!)

ಸೀರೆಯಿಂದ ಕೌದಿ, ಕೌದಿಯಿಂದ ತಿಪ್ಪೆ

ಇಳಕಲ್ ಸೀರೆಯನ್ನು ಬಲ್ಲವರು ಅದರ ಸೆರಗನ್ನು ಮೊದಲು ನೋಡುತ್ತಾರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಒಡಲು ಹೆಚ್ಚಾಗಿ ಹತ್ತಿ, ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿಯ ತೆನೆ. ಗುಳೇದಗುಡ್ಡದವರು ಇದಕ್ಕೆ ಹೊಂದುವ ಕುಪ್ಪಸದ ಖಣ ನೇಯುತ್ತಾರೆ. ಇವೆರಡರ ಕೀರ್ತಿ ಎಲ್ಲರಿಗೂ ಗೊತ್ತು. ಆದರೆ ಸೀರೆ ಹಳತಾದ ಮೇಲೆ ಅದು ಏನಾಗುತ್ತದೆ ಎಂಬುದೇ ನಮ್ಮ ವಿಷಯ.

ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಖಣದ ತುಂಡುಗಳನ್ನು ಆ ಭಾಗದ ಹೆಂಗಸರು ಗಂಟು ಕಟ್ಟಿ ಇಡುತ್ತಾರೆ. ಗಂಟು ಸಾಕಷ್ಟಾದಾಗ, ಹೊಲದ ಕೆಲಸ ತುಸು ಬಿಡುವಾದಾಗ, ಕೌದಿಗೆ ಕೂಡುತ್ತಾರೆ. ನೆಲದ ಮೇಲೆ ಒಂದು ದೊಡ್ಡ ಸೀರೆ ಹಾಸಿ, ಅದರ ಮೇಲೆ ಹಳೆಯ ಬಟ್ಟೆಯ ಪದರಗಳನ್ನು ಹರಡಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುವುದು. ಅಂಚಿನಿಂದ ಹೊಲಿಗೆ ಹಿಡಿದು, ಸುತ್ತು ಸುತ್ತಾಗಿ ಒಳಕ್ಕೆ ಬಂದು, ನಡುವಿನಲ್ಲಿ ಮುಗಿಸುವುದು. ಹೀಗೆ ಸಾಲು ಸಾಲು ಹೊಲಿಗೆ ಬಿದ್ದಾಗ ಒಂದೊಂದೇ ಆದರೆ ಹರಿದುಹೋಗುವ ಜೀರ್ಣ ಬಟ್ಟೆಗಳು ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುತ್ತವೆ. ಕೌದಿಯ ಗುಟ್ಟು ಇದೇ. ಅದರ ಬಲ ಬಟ್ಟೆಯಲ್ಲಿಲ್ಲ, ಹೊಲಿಗೆಯಲ್ಲಿದೆ.

ನಮ್ಮ ಅಡಿಕೆ ಸೀಮೆಯ ಅಂಚಿನಲ್ಲಿಯೂ ಈ ವಿದ್ಯೆ ಇದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಗಳ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫೂಲು’ ಇರುತ್ತದೆ. ಅದು ಇಲ್ಲದೆ ಕೌದಿ ಮುಗಿಯಿತು ಎನ್ನುವುದಿಲ್ಲ. ಈಗ ಅವು ಹೊರದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಹಾಗೆ ಹೋದದ್ದು ಸಂತೋಷವೇ. ಆದರೆ ಗೋಡೆಗೆ ತೂಗುಹಾಕುವ ಕೌದಿಗಿಂತ ಹೊದೆಯುವ ಕೌದಿಯ ಕತೆ ನಮಗೆ ಹೆಚ್ಚು ಉಪಯೋಗದ್ದು.

ಹೊದೆಯುವ ಕೌದಿ ಮಾಸಿದಾಗ ಹೊಳೆಗೆ ಒಯ್ದು ಒಗೆಯುತ್ತಾರೆ. ಮೇಲ್ಪದರ ಹರಿದರೆ ಅದರ ಮೇಲೆ ಇನ್ನೊಂದು ಹಳೆ ಸೀರೆ ಹಾಕಿ ಹೊಲಿದುಬಿಡುತ್ತಾರೆ. ಹಳೆಯ ಕೌದಿ ಹೊಸ ಕೌದಿಯ ಹೊಟ್ಟೆಯಾಗುತ್ತದೆ. ಇನ್ನೂ ಸವೆದರೆ ಕೂಸಿನ ತೊಟ್ಟಿಲಿಗೆ ತುಂಡು, ಆಮೇಲೆ ಕಾಳು ಒಣಗಿಸಲು ಹಾಸು, ಕೊನೆಗೆ ಒರೆಸುವ ಅರಿವೆ. ಎಲ್ಲ ಮುಗಿದ ಮೇಲೆ ತಿಪ್ಪೆ. ಹತ್ತಿಯಾದುದರಿಂದ ತಿಪ್ಪೆಯಲ್ಲಿ ಕೊಳೆತು, ಮುಂಗಾರಿಗೆ ಮುಂಚೆ ಗೊಬ್ಬರದ ಬಂಡಿಯಲ್ಲಿ ಎರೆಹೊಲಕ್ಕೆ ಹೋಗುತ್ತದೆ. ಹತ್ತಿ ಬೆಳೆದ ಹೊಲಕ್ಕೇ ಹೋದರೂ ಹೋಯಿತು.

ಈ ಸುತ್ತು ಈಗ ತುಂಡಾಗುತ್ತಿದೆ. ಕಾರಣ ಕೇಳಿದರೆ ಸೋಮಾರಿತನ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ನಿಜವಾದ ಕಾರಣ ನೂಲಿನಲ್ಲಿದೆ. ದಿನನಿತ್ಯ ಉಡುವ ಸೀರೆ ಪಾಲಿಸ್ಟರಿನದಾಯಿತು. ಅದು ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಉಟ್ಟರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ, ತಿಪ್ಪೆಗೆ ಹಾಕಿದರೆ ಕರಗುವುದಿಲ್ಲ. ಅಂಥ ಬಟ್ಟೆಯಿಂದ ಕೌದಿ ಹೊಲಿಯಲು ಎಂಥ ಜಾಣೆಗೂ ಆಗದು. ಜತೆಗೆ ಅಗ್ಗದ ಕಂಬಳಿಗಳು ಸಂತೆಗೆ ಬಂದವು. ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಇನ್ನೂ ಓಣಿಗೆ ಬರುತ್ತಾರೆ, ಆದರೆ ಅವರೂ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿಯೇ ತೆಗೆದುಕೊಳ್ಳುವುದು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಕಸದ ಪ್ರಶ್ನೆ ಕಸದ ಗುಂಡಿಯ ಬಳಿ ಹುಟ್ಟುವುದಿಲ್ಲ. ವಸ್ತುವನ್ನು ಕೊಳ್ಳುವಾಗಲೇ, ಮಾಡುವಾಗಲೇ ಅದು ನಿರ್ಧಾರವಾಗಿ ಹೋಗಿರುತ್ತದೆ. ಜಪಾನಿನ ಕಮಿಕತ್ಸು ಎಂಬ ಸಣ್ಣ ಊರಿನವರು ಇದನ್ನೇ ಇನ್ನೊಂದು ದಾರಿಯಿಂದ ಕಂಡುಕೊಂಡರು. ಸುಮಾರು ಒಂದೂವರೆ ಸಾವಿರ ಜನರ ಆ ಗುಡ್ಡಗಾಡಿನ ಊರು 2003ರಲ್ಲಿ ‘ಕಸವೇ ಇಲ್ಲದ ಊರು’ ಆಗುತ್ತೇವೆಂದು ಘೋಷಿಸಿಕೊಂಡಿತು. ಅಲ್ಲಿ ಕಸದ ಲಾರಿ ಬರುವುದಿಲ್ಲ. ಮನೆಯವರೇ ಒಯ್ದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸಿ ಇಡಬೇಕು. ಅಷ್ಟು ಶಿಸ್ತಿನಿಂದ ಸುಮಾರು ನೂರಕ್ಕೆ ಎಂಬತ್ತರಷ್ಟು ಮರುಬಳಕೆಗೆ ಹೋಯಿತು. ಉಳಿದ ಇಪ್ಪತ್ತು ಏಕೆ ಆಗಲಿಲ್ಲವೆಂದರೆ, ಆ ವಸ್ತುಗಳನ್ನು ಮಾಡಿದ ಬಗೆಯೇ ಹಾಗಿತ್ತು. ಅದೇ ಊರಿನ ವಯಸ್ಸಾದ ಹೆಂಗಸರು 1986ರಿಂದ ಮರದ ಎಲೆ, ಹೂಗಳನ್ನು ಆಯ್ದು ಊಟದ ಹೋಟೆಲುಗಳಿಗೆ ತಟ್ಟೆಯ ಅಲಂಕಾರಕ್ಕೆ ಮಾರಿ ಒಳ್ಳೆಯ ಸಂಪಾದನೆ ಮಾಡಿದ್ದಾರೆ. ಉದುರುವ ಎಲೆಗೂ ಗಿರಾಕಿ ಇದ್ದಾನೆ ಎಂಬುದು ಹಾಳೆ ಬೆಳೆಯುವ ನಮಗೆ ಹೊಸ ಮಾತೇನಲ್ಲ.

ಸಗಣಿಯ ಎರಡು ದಾರಿ

ಬಾದಾಮಿ ತಾಲ್ಲೂಕಿನಲ್ಲಿಯೇ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ್ದು. ಅಲ್ಲಿ ತಯಾರಾಗುವ ವಿಭೂತಿಗೆ ನಾಡಿನಲ್ಲೆಲ್ಲ ಹೆಸರು. ಗೋಶಾಲೆಯ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ ಸುಡುವುದು, ಬೂದಿಯನ್ನು ನೀರಿನಲ್ಲಿ ಕಲಕಿ ಸೋಸುವುದು, ತಿಳಿಯಾಗಿ ತಳಕ್ಕೆ ಕುಳಿತದ್ದನ್ನು ಗಟ್ಟಿ ಮಾಡಿ ಒಣಗಿಸುವುದು. ಹುಲ್ಲು ತಿಂದ ಆಕಳ ಸಗಣಿ ಭಕ್ತನ ಹಣೆಯ ಮೇಲೆ ಏರುತ್ತದೆ. ಒಂದು ಸಂಸ್ಥೆ ತನ್ನ ಹಟ್ಟಿಯ ಉಳಿಕೆಗೆ ಇದಕ್ಕಿಂತ ಹೆಚ್ಚಿನ ಬೆಲೆ ಕಟ್ಟಿಸಿಕೊಂಡದ್ದನ್ನು ನಾನು ಕಾಣೆ.

ಆದರೆ ಸುಟ್ಟ ಸಗಣಿಯೆಲ್ಲ ವಿಭೂತಿಯಾಗುವುದಿಲ್ಲ. ಬಯಲುಸೀಮೆಯಲ್ಲಿ ಸೌದೆಯ ಕೊರತೆಯಿಂದ ಕುಳ್ಳು ತಟ್ಟಿ ಒಲೆಗೆ ಹಾಕುವ ರೂಢಿ ಹಿಂದಿನಿಂದ ಬಂದದ್ದು. ಬೂದಿ ಹೊಲಕ್ಕೆ ಹೋಗುತ್ತದೆ, ನಿಜ. ಪೊಟ್ಯಾಷ್ ಸ್ವಲ್ಪ ಉಳಿಯುತ್ತದೆ. ಸಾರಜನಕವೆಲ್ಲ ಹೊಗೆಯ ಜತೆ ಹೋಯಿತು. ಹಳೆಯದೆಲ್ಲ ಚಿನ್ನ ಎಂದು ಹೊಗಳುವವರು ಇದನ್ನು ನೆನಪಿಡಬೇಕು. ಗೋಬರ್ ಗ್ಯಾಸಿನಲ್ಲಿ ಉರಿಯೂ ಸಿಗುತ್ತದೆ, ಬಗ್ಗಡದಲ್ಲಿ ಗೊಬ್ಬರವೂ ಉಳಿಯುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದು ದಶಕಗಳಿಂದ ನಡೆದಿದೆ. ಈಗ ಅನಿಲದ ಸಿಲಿಂಡರು ಬಂದು, ಹಟ್ಟಿಯ ದನ ಕಡಿಮೆಯಾಗಿ, ಗುಂಡಿಗಳು ಪಾಳು ಬಿದ್ದಿರುವುದನ್ನೂ ನೋಡುತ್ತಿದ್ದೇವೆ. ಬಯಲುಸೀಮೆಯಲ್ಲೂ ಅಷ್ಟೇ. ಜೋಳದ ಕಣಿಕೆ ಎತ್ತಿಗೆ, ಎತ್ತಿನ ಸಗಣಿ ಹೊಲಕ್ಕೆ ಎಂಬ ಸುತ್ತಿನಲ್ಲಿ ಎತ್ತು ಹೋಗಿ ಟ್ರ್ಯಾಕ್ಟರು ಬಂದ ಕಡೆ ತಿಪ್ಪೆ ತಾನಾಗಿ ಬಡವಾಯಿತು.

ಬನಶಂಕರಿ ಜಾತ್ರೆಯಲ್ಲಿ ನಮ್ಮ ಹಾಳೆ

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಜಾತ್ರೆ ಮತ್ತೊಂದು ಹುಡುಕಬೇಕು. ಬಾಗಿಲು, ಚೌಕಟ್ಟು ಮುಂತಾದ ಮರದ ಸಾಮಾನು, ನಾಟಕದ ಕಂಪನಿಗಳು, ಮಿಠಾಯಿ ಅಂಗಡಿಗಳು. ಬುಟ್ಟಿ ಹೊತ್ತ ತಾಯಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಗುರೆಳ್ಳು ಚಟ್ನಿ, ಪುಟ್ಟ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಮಾರುತ್ತಾರೆ. ಖಾಲಿಯಾದ ಗಡಿಗೆ ಮತ್ತೆ ಬುಟ್ಟಿಗೆ. ಒಡೆದರೆ ಮಣ್ಣು ಮಣ್ಣಿಗೆ. ಈ ಊಟ ತಿಂದವನು ಹಿಂದೆ ಬಿಟ್ಟು ಹೋಗುವ ಕಸ ಬಹಳ ಕಡಿಮೆ.

ಇದರ ಪಕ್ಕದಲ್ಲಿಯೇ ಪ್ಲಾಸ್ಟಿಕ್ ಲೋಟ, ಹೊಳೆಯುವ ಕಾಗದದ ತಟ್ಟೆ. ಕರ್ನಾಟಕ ಸರಕಾರ 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರಕಾರದ ನಿಷೇಧ 2022ರ ಜುಲೈ 1ರಿಂದ ಬಂತು. ನಿಷೇಧವಾದ ಮಾಲು ಜಾತ್ರೆಗೆ ಹೇಗೆ ಬರುತ್ತದೆ ಎಂದು ಕೇಳುವುದು ನಮ್ಮ ಪತ್ರಿಕೆಯ ಕೆಲಸವಲ್ಲ. ಅದರ ಜಾಗಕ್ಕೆ ಅಡಿಕೆ ಹಾಳೆಯ ತಟ್ಟೆ ಏಕೆ ಹೋಗಲಿಲ್ಲ ಎಂದು ಕೇಳಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಲೆಕ್ಕ ನೋಡೋಣ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ ವರ್ಷಕ್ಕೆ ಆರು ಹಾಳೆ ಎಂದು ಹಿಡಿದರೂ 3,200ಕ್ಕೂ ಹೆಚ್ಚು ಹಾಳೆ. ಮಳೆಗಾಲದಲ್ಲಿ ಬಿದ್ದು ಕಪ್ಪಾದದ್ದು, ಸೀಳಿದ್ದು, ಹೆಕ್ಕಲಾಗದ್ದನ್ನು ಕಳೆದು ಅರ್ಧವೆಂದರೂ ಸಾವಿರದ ಆರುನೂರು. ಒಂದೊಂದರಲ್ಲಿ ಒಂದು ದೊಡ್ಡ ತಟ್ಟೆ, ಉಳಿದ ಅಂಚಿನಲ್ಲಿ ಒಂದೆರಡು ಬಟ್ಟಲು. ಮಾಲಿಗೆ ಕೊರತೆಯಿಲ್ಲ. ತೊಡಕಿರುವುದು ಹೆಕ್ಕುವ ಕೂಲಿಯಲ್ಲಿ, ಸಣ್ಣ ಘಟಕಗಳ ಬಂಡವಾಳದಲ್ಲಿ, ಒಣಗಿಸಿ ಬೂಸಲು ಬಾರದಂತೆ ಇಡುವ ಜಾಗದಲ್ಲಿ. ಕಾಗದದ ತಟ್ಟೆಯ ದರದ ಎದುರು ಇದು ನಿಲ್ಲುವುದು ಕಷ್ಟ.

ಹೊರದೇಶದ ಗಿರಾಕಿಯನ್ನು ನಂಬಿ ಘಟಕ ಹಾಕಿದವರಿಗೆ ಈಚೆಗೆ ಪೆಟ್ಟು ಬಿದ್ದಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅವರ ಕಾರಣ. ತಲೆತಲಾಂತರದಿಂದ ಹಾಳೆಯಲ್ಲಿ ಉಂಡ ನಮಗೆ ಇದು ಕೋಪ ತರಿಸುತ್ತದೆ. ಕೋಪದಿಂದ ಪರೀಕ್ಷೆಯ ವರದಿ ತಯಾರಾಗುವುದಿಲ್ಲ. ನಮ್ಮ ಸಂಶೋಧನಾ ಸಂಸ್ಥೆಗಳು ಹಾಳೆಯನ್ನು ಒರೆಗೆ ಹಚ್ಚಿ ಅಂಕಿಅಂಶ ಮುಂದಿಡಬೇಕು, ಬೆಳೆಗಾರರ ಸಂಘಗಳು ಅದನ್ನು ಕೇಳಿ ಪಡೆಯಬೇಕು. ಅದುವರೆಗೆ ಒಂದೇ ಗಿರಾಕಿಯ ಮೇಲೆ ಭಾರ ಹಾಕುವುದು ತರವಲ್ಲ. ಹಾಳೆಗೆ ಬೇರೆ ದಾರಿಗಳೂ ಇವೆ. ಕತ್ತರಿಸಿ ದನಕ್ಕೆ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಹಾಳೆಯ ಚೂರಿನ ಮೇಲೆ ಚಿಪ್ಪು ಅಣಬೆ ಚೆನ್ನಾಗಿ ಬರುತ್ತದೆ. ಅಣಬೆ ಕೊಯ್ದ ಮೇಲೆ ಉಳಿದದ್ದು ಎರೆಗೊಬ್ಬರದ ತೊಟ್ಟಿಗೆ ನೇರ ಹೋಗುತ್ತದೆ. ಸೀರೆ, ಕೌದಿ, ತಿಪ್ಪೆಯ ಕ್ರಮವೇ ಇದು.

ರಸ್ತೆ ಬದಿಯ ಹೊಗೆ

ಈಗ ನಮ್ಮ ಊರುಗಳಿಗೆ ಬರೋಣ. ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಅಡಿಕೆ ಸೀಮೆಯ ರಸ್ತೆಗಳಲ್ಲಿ ಹೋದವರಿಗೆ ಎರಡು ಬದಿ ಸಿಪ್ಪೆಯ ರಾಶಿ ಕಾಣುತ್ತದೆ. ಕೆಲವು ಕೊಳೆಯುತ್ತಿರುತ್ತವೆ, ಕೆಲವಕ್ಕೆ ಬೆಂಕಿ ಹಾಕಿರುತ್ತಾರೆ. ಆ ಹೊಗೆಯಲ್ಲಿ ಬೈಕಿನವರು ಎದುರು ಬರುವ ಗಾಡಿ ಕಾಣದೆ ತಡವರಿಸುತ್ತಾರೆ. ಹಸಿ ಅಡಿಕೆಯ ತೂಕದಲ್ಲಿ ನೂರಕ್ಕೆ 60ರಿಂದ 80 ಪಾಲು ಸಿಪ್ಪೆಯೇ. ಅಂದರೆ ನಾವು ಬೆಳೆಯುವುದು ಹೆಚ್ಚಾಗಿ ಸಿಪ್ಪೆ, ಜತೆಗೆ ಸ್ವಲ್ಪ ಅಡಿಕೆ!

ಹಿಂದೆ ಈ ರಾಶಿ ರಸ್ತೆಗೆ ಬರುತ್ತಿರಲಿಲ್ಲ. ಮನೆಯಂಗಳದಲ್ಲಿ ಸುಲಿದ ಸಿಪ್ಪೆ ಮನೆಯ ತೋಟಕ್ಕೋ ಒಲೆಗೋ ಹೋಗುತ್ತಿತ್ತು. ಈಗ ಹಲವರು ಫಸಲನ್ನು ಚೇಣಿಗೆ ಕೊಡುತ್ತಾರೆ. ಚೇಣಿದಾರರು ಹತ್ತು ಹಳ್ಳಿಯ ಹಸಿ ಅಡಿಕೆಯನ್ನು ಒಂದೇ ಕಣಕ್ಕೆ ತಂದು ಯಂತ್ರದಲ್ಲಿ ಸುಲಿಸುತ್ತಾರೆ. ಹತ್ತು ಹಳ್ಳಿಯ ತೋಟಗಳಿಂದ ಹೊರಟ ಪೊಟ್ಯಾಷ್, ಸಾವಯವ ಅಂಶ ಒಂದೇ ಕಣದ ಹಿಂದೆ ರಾಶಿ ಬೀಳುತ್ತದೆ. ಚೇಣಿದಾರರಿಗೆ ಅದು ಹೊರೆ. ಅದೇ ವರ್ಷ ನಾವು ಅಂಗಡಿಗೆ ಹೋಗಿ ಪೊಟ್ಯಾಷ್ ಚೀಲ ಕೊಂಡು ತರುತ್ತೇವೆ. ಸೀರೆ ಮಾರಿ ಚಳಿಗೆ ಕಂಬಳಿ ಕೊಂಡ ಹಾಗೆ ಆಯಿತು.

ಸಿಪ್ಪೆ ಹಟಮಾರಿ ವಸ್ತು, ಬೇಗ ಕೊಳೆಯುವುದಿಲ್ಲ ಎಂಬ ದೂರಿದೆ. ದೂರು ನಿಜ. ಹಾಗೇ ಬುಡಕ್ಕೆ ದಪ್ಪಗೆ ಸುರಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಪದರ ಪದರವಾಗಿ ಹಾಕಿ, ನಡುವೆ ಗ್ಲಿರಿಸೀಡಿಯ ಮುಂತಾದ ಹಸಿರು ಸೊಪ್ಪು, ಮೇಲೆ ಸಗಣಿ ಬಗ್ಗಡ ಕೊಟ್ಟು, ತೇವ ಆರದಂತೆ ನೋಡಿಕೊಂಡರೆ ಮುಂದಿನ ಮಳೆಗಾಲದ ಹೊತ್ತಿಗೆ ಹದಕ್ಕೆ ಬರುತ್ತದೆ. ಚೂರು ಮಾಡುವ ಯಂತ್ರವಿದ್ದರೆ ಇನ್ನೂ ಮುಂಚೆ. ಸೋಗೆ, ಹಾಳೆ, ಗೊನೆಯ ಉಳಿಕೆ ಸೇರಿ ಎಕರೆಗೆ ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕಿ ಕಸ ಸಿಗುತ್ತದೆ. ಸಿಪಿಸಿಆರ್‌ಐ ಪ್ರಯೋಗಗಳಲ್ಲಿ ಇಂಥ ಉಳಿಕೆಯನ್ನು ಚೂರು ಮಾಡಿ ಸಗಣಿ ಸೇರಿಸಿ ಆಫ್ರಿಕಾದ ಎರೆಹುಳು ಬಿಟ್ಟಾಗ ಸುಮಾರು ಎರಡು ತಿಂಗಳಲ್ಲಿ ಗೊಬ್ಬರವಾಗಿದೆ.

ಕೆಂಪಡಿಕೆ ಬೇಯಿಸಿದ ಚೊಗರಿನ ಮಾತು ಬೇರೆ. ಅದನ್ನು ನಮ್ಮವರು ಎಂದೂ ಪೂರ್ತಿ ಚೆಲ್ಲಿದವರಲ್ಲ. ಒಂದು ಹಂಡೆಯ ಚೊಗರು ಮುಂದಿನ ಹಂಡೆಯ ಅಡಿಕೆಗೆ ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ಪ್ರಸನ್ನ ಅವರು ಕಟ್ಟಿ ಬೆಳೆಸಿದ ‘ಚರಕ’ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಹಾಕುವುದನ್ನು ರೂಢಿಗೆ ತಂದರು. ದಾಳಿಂಬೆ ಸಿಪ್ಪೆಯಿಂದಲೂ ಬಣ್ಣ ತೆಗೆಯುತ್ತಾರೆ. ಬಾಗಲಕೋಟೆ ಜಿಲ್ಲೆ ದಾಳಿಂಬೆ ಬೆಳೆಯುವ ಜಿಲ್ಲೆ, ಮಗ್ಗಗಳ ಜಿಲ್ಲೆ. ಗುಳೇದಗುಡ್ಡದ ಖಣಕ್ಕೆ ನಮ್ಮ ಚೊಗರಿನ ಬಣ್ಣ ಒಪ್ಪುತ್ತದೆಯೇ ಎಂದು ಕೇಳಿ ಒಂದು ಡಬ್ಬಿ ಕಳಿಸಿ ನೋಡಿದರೆ ನಷ್ಟವೇನಿಲ್ಲ. ಎಲೆ ಅಡಿಕೆಯ ನಂಟಿಗೆ ಇನ್ನೊಂದು ಎಳೆ ಸೇರೀತು.

ಕಾಫಿಯವರ ಹೊರೆ ಹೆಚ್ಚಾಗಿ ನೀರಿನದು. ನೂರು ಕಿಲೋ ಹಣ್ಣನ್ನು ಪಲ್ಪರಿಗೆ ಕೊಟ್ಟರೆ ಸುಮಾರು ನಲವತ್ತು ಕಿಲೋ ಸಿಪ್ಪೆ, ಜತೆಗೆ ಲೋಳೆ ತೊಳೆದ ನೀರು. ಆ ನೀರು ಹಳ್ಳಕ್ಕೆ ಹೋದರೆ ಕೊಳೆಯುವಾಗ ಹಳ್ಳದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನು ಸಾಯುತ್ತದೆ, ಕೆಳಗಿನ ಊರಿನವರಿಗೆ ವಾಸನೆ. ಮಳೆ ಹೆಚ್ಚು, ಹಳ್ಳ ಹತ್ತಿರ. ಹರಿಯುವ ನೀರು ಕಣ್ಣ ಮುಂದಿನ ಕೊಳೆಯನ್ನು ಒಯ್ದುಬಿಡುತ್ತದೆ ಎಂಬ ಅನುಕೂಲವೇ ನಮ್ಮನ್ನು ಹಾಳು ಮಾಡಿದೆ. ಮಹಾಕೂಟದ ಬುಗ್ಗೆಯಷ್ಟೇ ನೀರು ನಮಗೂ ಇದ್ದಿದ್ದರೆ ಪಲ್ಪರಿನ ನೀರನ್ನು ತಿರುಗಿ ತಿರುಗಿ ಬಳಸುವುದನ್ನು ಎಂದೋ ಕಲಿಯುತ್ತಿದ್ದೆವು. ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ಸಾಗಿಸದೆ ಒಣದಾಗಿಯೇ ಬೇರ್ಪಡಿಸುವುದು, ನೀರು ಕಡಿಮೆ ಬೇಡುವ ಹೊಸ ಪಲ್ಪರುಗಳಿಗೆ ಸಣ್ಣ ಬೆಳೆಗಾರರು ಐದಾರು ಮಂದಿ ಕೂಡಿ ಹಣ ಹಾಕುವುದು, ತೊಳೆದ ನೀರಿಗೆ ಸುಣ್ಣ ಕೊಟ್ಟು ತೊಟ್ಟಿಯಲ್ಲಿ ನಿಲ್ಲಿಸುವುದು ಈಗಿಂದೀಗ ಆಗುವ ಕೆಲಸಗಳು. ಸಿಪ್ಪೆಯನ್ನು ಸಗಣಿ, ಸ್ವಲ್ಪ ಸುಣ್ಣ, ಒಣ ದರಗಿನ ಜತೆ ಗುಪ್ಪೆ ಹಾಕಿ ಮೂರು ನಾಲ್ಕು ವಾರಕ್ಕೊಮ್ಮೆ ತಿರುವಿದರೆ ಬೇಸಿಗೆಯ ಮಳೆಯ ಹೊತ್ತಿಗೆ ಗೊಬ್ಬರ ಸಿದ್ಧ. ಮಳೆ ನೀರು ಗುಪ್ಪೆಯಿಂದ ಇಳಿದು ಹೋಗದಂತೆ ಮೇಲೊಂದು ಹೊದಿಕೆ ಬೇಕು.

ಇನ್ನು ಚೇಣಿಯ ಕರಾರು. ಈಗಿನ ಬರಹದಲ್ಲಿ ದರ, ಮುಂಗಡ, ಕೊಯ್ಲಿನ ಅವಧಿ ಇರುತ್ತದೆ. ಸಿಪ್ಪೆಯ ಸುದ್ದಿ ಇರುವುದಿಲ್ಲ. ಫಸಲಿನ ಅಂದಾಜಿಗೆ ತಕ್ಕಷ್ಟು ಸಿಪ್ಪೆಯನ್ನು ತೋಟದ ಬಾಗಿಲಿಗೆ ತಂದು ಇಳಿಸತಕ್ಕದ್ದು ಎಂದು ಒಂದು ಸಾಲು ಸೇರಿಸಬಹುದು. ಹೊರೆ ಕಳೆಯಲು ಚೇಣಿದಾರರೂ ಒಪ್ಪಿಯಾರು; ಹಸಿ ಅಡಿಕೆ ಒಯ್ಯಲು ಬರುವ ಗಾಡಿ ಹೇಗೂ ಖಾಲಿಯೇ ಬರುತ್ತದೆ. ಗಾಡಿ ಬಾಡಿಗೆಯಲ್ಲಿ ಅರ್ಧ ಯಾರದು ಎಂಬ ಚೌಕಾಸಿ ಇದ್ದೇ ಇರುತ್ತದೆ. ಈ ಸಲದ ಕೊನೆ ಇಳಿಸುವ ಮುಂಚೆ, ಮುಂಗಡ ಕೈಗೆ ಬರುವ ಮೊದಲೇ, ಆ ಮಾತು ಆಡಿ ಮುಗಿಸಬೇಕು. ಮುಂಗಡ ಪಡೆದ ಮೇಲೆ ನಮ್ಮ ಮಾತಿಗೆ ತೂಕ ಕಡಿಮೆ.